ಹೀಟರಣ್ಣ ಕಟ್ಟಿಹೋದ ರಟ್ಟು

ಕಳೆದ ವಾರ ಮನೆಯಲ್ಲಿ ಸಿಲಿಂಡರ್ ಬದಲಾಯಿಸುವಾಗ ರೆಗ್ಯುಲೇಟರ್ ಸರಿಯಾಗಿ ಕೂರಲಿಲ್ಲ. ಸುಸ್ಸೆಂದು ಒಂದು ಸದ್ದು, ಅದರ ಹಿಂದೆಯೇ ಕೊಳೆತ ಎಲೆಕೋಸಿನಂಥ ವಾಸನೆ. ರೆಗ್ಯುಲೇಟರ್ ತೆಗೆದಿಟ್ಟು, ಕಿಟಕಿ ಬಾಗಿಲು ತೆರೆದು, ಮಗಳನ್ನು ಹೊರಗೆ ಕಳಿಸಿ, ನಾನೂ ಹೊಸ್ತಿಲಾಚೆ ಬಂದು ನಿಂತೆ. ವಾಸನೆ ಪೂರ್ತಿ ಹೋದ ಮೇಲೂ ಬಹಳ ಹೊತ್ತು ಒಳಗೆ ಕಾಲಿಡಲಾಗಲಿಲ್ಲ. "ವಾಸನೆ ಬರೋ ಗ್ಯಾಸು ಒಳ್ಳೇದು ಕಣಮ್ಮ. ಬಂದಿದೀನಿ ಅಂತ ಹೇಳಿ ಬರುತ್ತೆ. ಹೇಳದೇ ಬರೋದು ಇನ್ನೊಂದಿದೆ, ಅದಕ್ಕೆ ಹೆದರ್ಕೋಬೇಕು" ಎಂದು ಒಬ್ಬರು ನನಗೆ ಹೇಳಿದ್ದರು...

ಅವರನ್ನು ನಾವೆಲ್ಲ ಹೀಟರಣ್ಣ ಎಂದು ಕರೆಯುತ್ತಿದ್ದೆವು.

ಆಗ ನಾನು ಪೆರೇಸಂದ್ರದಿಂದ ಸ್ವಲ್ಪ ಒಳಗೆ ಇದ್ದ ಒಂದು ಚಿಕಿತ್ಸಾ ಕೇಂದ್ರದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೆ. ಹುಟ್ಟಿನಿಂದಲೇ ಕೈಕಾಲು ಸೆಟೆದುಕೊಂಡ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಗೌರಿಬಿದನೂರು, ಚಿಂತಾಮಣಿ, ನಮ್ಮ ಶಿಡ್ಲಘಟ್ಟ, ಎಲ್ಲ ಕಡೆಯಿಂದ ತಾಯಂದಿರು ಬೆಳಗಿನ ಮೊದಲ ಬಸ್ಸು ಹತ್ತಿ ಮಕ್ಕಳನ್ನು ಸೊಂಟದ ಮೇಲೆ ಹೊತ್ತು ತರುತ್ತಿದ್ದರು. ಕೇಂದ್ರದಲ್ಲೊಂದು ಸಣ್ಣ ಈಜುಕೊಳವಿತ್ತು. ಈಜುವುದಕ್ಕಲ್ಲ. ಬೆಚ್ಚಗಿನ ನೀರಿನಲ್ಲಿ ಇಳಿಸಿದರೆ ಆ ಮಕ್ಕಳ ಸ್ನಾಯುಗಳು ಸಡಿಲವಾಗುತ್ತಿದ್ದವು. ನೆಲದ ಮೇಲೆ ಮರದ ತುಂಡಿನಂತಿರುತ್ತಿದ್ದ ಕಾಲು ನೀರಿನೊಳಗೆ ಮೆಲ್ಲಗೆ ಮಡಚಿಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನೀರು ಮಾತ್ರ ಬೆಚ್ಚಗಿರಲೇಬೇಕು. ತಣ್ಣಗಿದ್ದರೆ ಮಕ್ಕಳು ಇನ್ನಷ್ಟು ಸೆಟೆದುಕೊಂಡು ಕಿರುಚುತ್ತಿದ್ದರು.

ನೀರು ಕಾಯಿಸಲು ಗ್ಯಾಸಿನ ದೊಡ್ಡ ಹೀಟರ್ ಒಂದಿತ್ತು. ಅದನ್ನಿಟ್ಟಿದ್ದ ಕೋಣೆಗೆ ಅಂಟಿಕೊಂಡೇ ಟವೆಲ್ ಒಣಗಿಸುವ ಕೋಣೆ. ಹೀಟರಿನ ಹೊಗೆ ಕೊಳವೆ ಆ ಟವೆಲ್ ಕೋಣೆಯ ಫಾಲ್ಸ್ ಸೀಲಿಂಗಿನ ಮೇಲೆ ಹಾದು ಹೊರಗೆ ಹೋಗುತ್ತಿತ್ತು. ಕಟ್ಟಿದವರು ಯಾರೋ, ಯೋಚಿಸದೆ ಕಟ್ಟಿದ್ದರು. ಆ ಹೀಟರು ವರ್ಷದಲ್ಲಿ ನಾಲ್ಕೈದು ಸಲವಾದರೂ ಕೈಕೊಡುತ್ತಿತ್ತು. ಆಗೆಲ್ಲ ನಗರಗೆರೆಯಿಂದ ಹೀಟರಣ್ಣ ಬರಬೇಕು.

ಐವತ್ತು ದಾಟಿದ ಮನುಷ್ಯ. ಮೊದಲು ಬೋರ್‌ವೆಲ್ ಮೋಟರುಗಳಿಗೆ ವೈಂಡಿಂಗ್ ಮಾಡುತ್ತಿದ್ದರಂತೆ. ನಂದಿ ಬೆಟ್ಟದ ಸುತ್ತಮುತ್ತ ರೆಸಾರ್ಟುಗಳು ಎದ್ದ ಮೇಲೆ ಈಜುಕೊಳದ ಹೀಟರುಗಳನ್ನು ರಿಪೇರಿ ಮಾಡುವುದನ್ನು ತಾವಾಗಿಯೇ ಕಲಿತಿದ್ದರು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಸಿಟ್ಟು ಬಂದಾಗ ಎರಡೂ ಒಟ್ಟಿಗೆ ಬರುತ್ತಿದ್ದವು. ಸಿಟ್ಟು ಬೇಗ ಬರುತ್ತಿತ್ತು. ಕೆಲಸ ಮುಗಿಯುವ ತನಕ ಟೀ ಕುಡಿಯುತ್ತಿರಲಿಲ್ಲ, ಯಾರಾದರೂ ತಂದಿಟ್ಟರೆ ಬೈಯುತ್ತಿದ್ದರು.

ಮೊದಲ ಸಲ ಅವರು ಬಂದಾಗ ನಾನು ಆಗಲೇ ಹೀಟರಿನ ಮುಚ್ಚಳ ಬಿಚ್ಚಿ ಟೆಸ್ಟರ್ ಹಿಡಿದು ಕೂತಿದ್ದೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು.

"ಏಮ್ಮಾ, ಏನು ಹುಡುಕ್ತಾ ಇದೀರಿ?"

"ಎಲ್ಲಿ ಹೋಗಿದೆ ಅಂತ ನೋಡ್ತಾ ಇದೀನಿ."

"ನೋಡೋದು ಆಮೇಲೆ. ಮೊದ್ಲು ಕೇಳ್ಸಿಕೊಳ್ಳಿ."

ಮುಚ್ಚಳ ಹಾಕಿಸಿ, ಸ್ವಿಚ್ಚು ಹಾಕಿ, ಕಣ್ಣು ಮುಚ್ಚಿ ನಿಂತರು. ನನಗೂ ಮುಚ್ಚು ಎಂದರು. ಮೊದಲು ಫ್ಯಾನ್ ತಿರುಗುತ್ತದೆ, ಗಾಳಿ ಸರಿಯಾಗಿ ಎಳೆಯುತ್ತಿದೆ ಎಂದು ಪ್ರೆಶರ್ ಸ್ವಿಚ್ಚಿಗೆ ಗೊತ್ತಾದರೆ ಅದು ಟಿಕ್ ಎನ್ನುತ್ತದೆ. ಆಮೇಲೆ ಕಿಡಿ. ಆಮೇಲೆ ಗ್ಯಾಸಿನ ವಾಲ್ವ್ ತೆರೆದ ಟಕ್ ಎಂಬ ಸದ್ದು. ಆಮೇಲೆ ಭುಗ್ಗೆಂದು ಉರಿ. ಉರಿ ಹತ್ತಿದೆ ಎಂದು ಸಣ್ಣದೊಂದು ಕಡ್ಡಿ ಬೋರ್ಡಿಗೆ ತಿಳಿಸಬೇಕು, ತಿಳಿಸದಿದ್ದರೆ ಬೋರ್ಡು ಗ್ಯಾಸ್ ನಿಲ್ಲಿಸಿಬಿಡುತ್ತದೆ. ಒಂದಾದ ಮೇಲೆ ಒಂದು. ಎಲ್ಲಿ ನಿಂತಿತೋ ಅಲ್ಲಿಂದ ಹುಡುಕಬೇಕು. ಅವತ್ತು ಉರಿ ಹತ್ತಿ ಮೂರೇ ಸೆಕೆಂಡಿಗೆ ಆರುತ್ತಿತ್ತು. ಅವರು ಆ ಕಡ್ಡಿಯನ್ನು ಬಿಚ್ಚಿ ತೋರಿಸಿದರು. ಅದರ ಮೇಲೆ ಬಿಳಿಯ ಪದರ ಕಟ್ಟಿತ್ತು. ಉಪ್ಪುಕಾಗದದಲ್ಲಿ ಉಜ್ಜಿ ಹಾಕಿದರು. ಹೀಟರು ನಡೆಯಿತು.

"ಹೋದ ಸಲ ಬಂದಿದ್ದೋರು ಬೋರ್ಡೇ ಬದಲಾಯಿಸಬೇಕು ಅಂದಿದ್ರು" ಎಂದೆ.

"ಸಾಮಾನು ಬದಲಾಯಿಸೋಕೆ ಯಾರಿಗೆ ಬರಲ್ಲಮ್ಮ?" ಎಂದರು. ಆಮೇಲೆ ಟೀ ಕೇಳಿ ಕುಡಿದರು.

ಆ ಮೇಲೆ ಅವರು ಬಂದಾಗಲೆಲ್ಲ ನಾನು ಪಕ್ಕದಲ್ಲಿರುತ್ತಿದ್ದೆ. ರಿಲೇಯೊಳಗೆ ಇರುವೆಗಳು ಸೇರಿ ಸುಟ್ಟುಹೋಗಿದ್ದು, ಅರ್ತಿಂಗ್ ವೈರು ತುಕ್ಕು ಹಿಡಿದು ಕಿಡಿ ಬಾರದಿದ್ದದ್ದು, ಸುತ್ತಲ ತೋಟಗಳಿಗೆ ತ್ರೀಫೇಸ್ ಬಿಟ್ಟ ಹೊತ್ತಿಗೆ ಮೋಟರುಗಳೆಲ್ಲ ಓಡಿ ವೋಲ್ಟೇಜು ಇಳಿದು ಹೀಟರು ತಾನೇ ನಿಂತುಬಿಡುತ್ತಿದ್ದದ್ದು... ಒಂದೊಂದನ್ನೂ ಮೀಟರು ನನ್ನ ಕೈಗೆ ಕೊಟ್ಟು ಹುಡುಕಿಸಿದರು. ತಪ್ಪಿದರೆ ಬೈದರು. ಐಟಿಐನಲ್ಲಿ ನಮ್ಮ ಬ್ಯಾಚಿನಲ್ಲಿ ಇಬ್ಬರೇ ಹುಡುಗಿಯರಿದ್ದದ್ದು, ಅಲ್ಲಿ ನಮ್ಮನ್ನು ಯಾರೂ ಬೈಯುತ್ತಿರಲಿಲ್ಲ, ಏನೂ ಕಲಿಸುತ್ತಲೂ ಇರಲಿಲ್ಲ. ಬೈಯುವಷ್ಟು ನನ್ನನ್ನು ಲೆಕ್ಕಕ್ಕೆ ತೆಗೆದುಕೊಂಡ ಮೊದಲ ಮನುಷ್ಯ ಅವರು.

ಆ ವರ್ಷ ಚಳಿ ವಿಪರೀತವಿತ್ತು. ಒಂದು ಗುರುವಾರ ಬೆಳಿಗ್ಗೆ ಹೀಟರು ಹತ್ತಲಿಲ್ಲ. ಫ್ಯಾನ್ ತಿರುಗುತ್ತಿತ್ತು, ಆದರೆ ಆ ಟಿಕ್ ಎನ್ನುವ ಸದ್ದು ಬರಲಿಲ್ಲ. ಪ್ರೆಶರ್ ಸ್ವಿಚ್ಚಿನ ಹತ್ತಿರ ನಿಂತಿದೆ ಎಂದು ನಾನೇ ಫೋನಿನಲ್ಲಿ ಹೇಳಿದೆ. "ಶಭಾಷ್" ಎಂದರು. ಅದೊಂದೇ ಸಲ.

ಬಂದವರು ವೋಲ್ಟೇಜು ನೋಡಿದರು, ಸರಿಯಿತ್ತು. ಎರಡೂ ತುದಿ ಸುಲಿದ ಒಂದು ತುಂಡು ವೈರು ತೆಗೆದು ಸ್ವಿಚ್ಚಿನ ಎರಡು ಟರ್ಮಿನಲ್ಲುಗಳಿಗೆ ಮುಟ್ಟಿಸಿದರು. ಕಿಡಿ ಬಂತು, ಉರಿ ಹತ್ತಿತು. ತಕ್ಷಣ ವೈರು ಕಿತ್ತು ಉರಿ ಆರಿಸಿದರು.

"ಇದು ನೋಡೋಕೆ ಮಾತ್ರ. ಒಂದು ಉಸಿರು. ಉಸಿರು ಬಿಡೋದ್ರೊಳಗೆ ತೆಗೀಬೇಕು. ಬೇರೆದೆಲ್ಲ ನೆಟ್ಟಗಿದೆ ಅಂತ ಗೊತ್ತಾಯ್ತಲ್ಲ, ಸಾಕು."

"ಹಾಗಾದ್ರೆ ಸ್ವಿಚ್ಚು ಕೆಟ್ಟಿದೆಯಾ?"

ಸ್ವಿಚ್ಚಿನ ಸಣ್ಣ ರಬ್ಬರ್ ಕೊಳವೆಯನ್ನು ಬಿಚ್ಚಿ ಬಾಯಿಂದ ಮೆಲ್ಲಗೆ ಗಾಳಿ ಎಳೆದರು. ಟಿಕ್ ಎಂದಿತು. "ಸ್ವಿಚ್ಚು ಚೆನ್ನಾಗಿದೆ. ಅದು ನಿಜ ಹೇಳ್ತಾ ಇದೆ. ಹೊಗೆ ಹೋಗೋ ದಾರಿ ಕಟ್ಕೊಂಡಿದೆ."

ಹೊರಗೆ ಹೋಗಿ ಏಣಿ ಹಾಕಿ ಕೊಳವೆಯ ಬಾಯಿಗೆ ಕೈ ಹಿಡಿದರು. ಗಾಳಿಯೇ ಬರುತ್ತಿರಲಿಲ್ಲ. ಟವೆಲ್ ಕೋಣೆಯ ಸೀಲಿಂಗಿನ ಮೇಲೆ ಎಲ್ಲೋ ಜೋಡಣೆ ಕುಸಿದಿರಬೇಕು. ಸೀಲಿಂಗ್ ಬಿಚ್ಚಿ ಕೊಳವೆ ಇಳಿಸಬೇಕು, ಸೋಮವಾರ ಫ್ಯಾಬ್ರಿಕೇಷನ್‌ನವರನ್ನು ಕರೆತರುತ್ತೇನೆ ಎಂದರು. ಹಾಗೇ ಉರಿಸಿದರೆ ಗ್ಯಾಸು ಅರ್ಧಂಬರ್ಧ ಬೆಂದು ವಿಷಗಾಳಿ ಹುಟ್ಟುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಆಗ ಹೇಳಿದರು. ಇದನ್ನು ಬರೆದಿಡಲು ಸರ್ವಿಸಿನ ರಿಜಿಸ್ಟರು ಮ್ಯಾನೇಜರರ ಕೋಣೆಯಲ್ಲಿತ್ತು, ಕೋಣೆಗೆ ಬೀಗ ಹಾಕಿತ್ತು. ಔಷಧಿ ಪೆಟ್ಟಿಗೆಯ ರಟ್ಟೊಂದನ್ನು ಹರಿದು, ಮಾರ್ಕರಿನಲ್ಲಿ ದಪ್ಪಕ್ಷರದಲ್ಲಿ 'ಮುಟ್ಟಬೇಡಿ. ಹೊಗೆ ಕೊಳವೆ ಕಟ್ಟಿದೆ' ಎಂದು ಬರೆದು, ಗ್ಯಾಸಿನ ವಾಲ್ವಿಗೆ ಬೈಂಡಿಂಗ್ ವೈರಿನಿಂದ ಬಿಗಿದು ಕಟ್ಟಿದರು. ನಾಲ್ಕು ಸುತ್ತು ಸುತ್ತಿದರು. ನಾನು ಪಕ್ಕದಲ್ಲೇ ನಿಂತು ರಟ್ಟನ್ನು ಹಿಡಿದುಕೊಂಡಿದ್ದೆ.

ಶುಕ್ರವಾರ ಮಕ್ಕಳು ಬಂದರು. ನೀರು ಹಿಮದಂತಿತ್ತು. ಚಿಂತಾಮಣಿ ಕಡೆಯ ಒಬ್ಬ ತಾಯಿ ಏಳು ವರ್ಷದ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಹೀಟರಿನ ಕೋಣೆಯ ಮುಂದೆಯೇ ಕೂತುಬಿಟ್ಟಳು. ಚಳಿಗೆ ಆ ಹುಡುಗನ ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬಿಗಿದುಕೊಂಡಿದ್ದವು. ಅಳುವುದಕ್ಕೂ ಆಗದೆ ಅವನು ಹಲ್ಲು ಕಡಿಯುತ್ತಿದ್ದ.

"ಒಂದೇ ಒಂದ್ಸಲ ಇಳಿಸಿ ಕಳಿಸ್ರಮ್ಮ. ವಾರದಿಂದ ನಿದ್ದೆ ಮಾಡಿಲ್ಲ ಇವನು" ಎಂದಳು.

ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದರು. "ನಿನಗೂ ಬರುತ್ತಲ್ಲಮ್ಮ ಅವನ ಕೆಲ್ಸ. ಸೋಮವಾರದ ತನಕ ಹೇಗೋ ಓಡೋ ಹಾಗೆ ಮಾಡು. ಆ ಮನುಷ್ಯಂಗೆ ಎಲ್ಲಾದ್ರಲ್ಲೂ ಭಯ."

ಮ್ಯಾನೇಜರ್ ಹೇಳಿದ್ದಕ್ಕೆ ಮಾಡಿದೆ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಆ ತಾಯಿಯ ಮುಖ ನೋಡಲಾರದೆ ಮಾಡಿದೆ ಎಂದೂ ಹೇಳಿಕೊಂಡಿದ್ದೇನೆ. ಎರಡೂ ನಿಜ. ಆದರೆ 'ನಿನಗೂ ಬರುತ್ತಲ್ಲ' ಎಂದಾಗ ಒಳಗೆಲ್ಲೋ ಹಿಗ್ಗಿದ್ದೆನಲ್ಲ, ಅದೂ ನಿಜ... ಬೈಂಡಿಂಗ್ ವೈರಿನ ನಾಲ್ಕು ಸುತ್ತನ್ನೂ ಬಿಚ್ಚಿದೆ. ರಟ್ಟನ್ನು ಮಡಚಿ ಕಸದ ಬುಟ್ಟಿಗೆ ಹಾಕಿದೆ. ವೈರಿನ ತುಂಡಿನ ಎರಡು ತುದಿ ಸುಲಿದು ಆ ಎರಡು ಟರ್ಮಿನಲ್ಲುಗಳ ನಡುವೆ ತಿರುಪಿಟ್ಟು ಬಿಗಿದೆ. ಹೀಟರು ಭುಗ್ಗೆಂದು ಹತ್ತಿತು. ಮಧ್ಯಾಹ್ನದ ಹೊತ್ತಿಗೆ ಆ ಹುಡುಗನ ಕಾಲುಗಳು ನೀರಿನಲ್ಲಿ ಬಿಚ್ಚಿಕೊಂಡವು. ತಾಯಿ ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡಳು. ಅವತ್ತು ಟವೆಲ್ ಕೋಣೆಯ ಬಾಗಿಲು ಕಿಟಕಿ ತೆರೆದಿದ್ದವು. ಯಾರಿಗೂ ಏನೂ ಆಗಲಿಲ್ಲ. ಏನೂ ಆಗಲಿಲ್ಲವೆಂದೇ ವೈರನ್ನು ಹಾಗೇ ಬಿಟ್ಟೆ.

ಶನಿವಾರ ಬೆಳಿಗ್ಗೆ ಚಳಿ ಇನ್ನೂ ಹೆಚ್ಚಿತ್ತು. ಟವೆಲ್ ಮಡಚುವ ಆಯಮ್ಮ ಪೆರೇಸಂದ್ರದವರು, ಗಂಡ ಇಲ್ಲ, ಒಬ್ಬಳೇ ಮಗಳು. ಹೀಟರಿನ ಗೋಡೆ ಬೆಚ್ಚಗಿರುತ್ತದೆಂದು ಅವರು ಬಾಗಿಲು ಕಿಟಕಿ ಹಾಕಿಕೊಂಡು ಗೋಡೆಗೆ ಬೆನ್ನು ಕೊಟ್ಟು ಕೂತು ಟವೆಲ್ ಮಡಚುತ್ತಿದ್ದರು. ಮೊದಲ ಮಗುವಿಗೆ ಟವೆಲ್ ತರಲೆಂದು ನರ್ಸ್ ಬಾಗಿಲು ತಳ್ಳಿದಾಗ ಆಯಮ್ಮ ಮಡಚಿದ ಟವೆಲ್ಲುಗಳ ಮೇಲೆ ತಲೆಯಿಟ್ಟು ಮಲಗಿದಂತಿದ್ದರು. ಮುಖ ಕೆಂಪಗಿತ್ತು. ಹಾಗಾಗಿ ಯಾರಿಗೂ ಮೊದಲು ಗಾಬರಿಯಾಗಲಿಲ್ಲ. ನಿದ್ದೆ ಹತ್ತಿದೆ ಎಂದುಕೊಂಡರು. ನಾನು ಬಾಗಿಲಲ್ಲಿ ನಿಂತೇ ತಿಳಿದುಕೊಂಡೆ. ಓಡಿಹೋಗಿ ಗ್ಯಾಸ್ ನಿಲ್ಲಿಸಿದೆ, ಕಿಟಕಿ ಒಡೆದೆ. ಚಿಕ್ಕಬಳ್ಳಾಪುರದ ಆಸ್ಪತ್ರೆ ಮುಟ್ಟುವುದರೊಳಗೆ ಅವರ ಪ್ರಾಣ ಹೋಗಿತ್ತು. ಕೊಳದ ಸುತ್ತ ಗೋಡೆಯಿರಲಿಲ್ಲ, ಗಾಳಿಯಾಡುತ್ತಿತ್ತು, ಮಕ್ಕಳು ಉಳಿದವು.

ಆಯಮ್ಮನನ್ನು ಜೀಪಿಗೆ ಹಾಕುತ್ತಿದ್ದಾಗ ಮ್ಯಾನೇಜರ್ ನನ್ನ ಹತ್ತಿರ ಬಂದು, "ಆ ವೈರು ತೆಗೆದುಬಿಡು" ಎಂದರು, ಬೇರೆಲ್ಲೋ ನೋಡುತ್ತ.

ತೆಗೆದೆ.

ಪೊಲೀಸರು ಬಂದು ರಿಜಿಸ್ಟರ್ ನೋಡಿದರು. ಕೊನೆಯ ಪುಟದಲ್ಲಿ ಹಿಂದಿನ ಸರ್ವಿಸಿನ ಬಗ್ಗೆ 'ಎಲ್ಲ ಸರಿಯಿದೆ' ಎಂದು ಹೀಟರಣ್ಣನ ರುಜು. ಗೇಟಿನ ಪುಸ್ತಕದಲ್ಲಿ ಗುರುವಾರ ಅವರು ಬಂದುಹೋದ ಹೊತ್ತು. ಇನ್ನೇನು ಬೇಕು? ಸಂಜೆಯ ಹೊತ್ತಿಗೆ ನಗರಗೆರೆಗೆ ಹೋಗಿ ಕರೆತಂದರು. ಅವರು ಬರುತ್ತಲೇ ಜೋರಾಗಿ ಹೇಳಿದರು, ರಟ್ಟು ಕಟ್ಟಿದ್ದೆ, ಓಡಿಸಬೇಡಿ ಎಂದಿದ್ದೆ, ಈಯಮ್ಮ ಜೊತೆಯಲ್ಲೇ ಇದ್ದರು, ಕೇಳಿ ಎಂದು.

ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿದರು. "ಏನಮ್ಮ, ರಟ್ಟು ಕಟ್ಟಿದ್ದು ನೋಡಿದ್ರಾ?"

ಮ್ಯಾನೇಜರ್ ನನ್ನ ಹಿಂದೆ ನಿಂತಿದ್ದರು. ನನಗೆ ಮೂರು ವರ್ಷದ ಮಗಳಿದ್ದಳು. ಅಂಗೈಯಲ್ಲಿ ವೈರು ಸುಲಿದ ಗುರುತು ಇನ್ನೂ ಉರಿಯುತ್ತಿತ್ತು.

"ನೋಡಿದ ಹಾಗೆ ನೆನಪಿಲ್ಲ ಸಾರ್" ಎಂದೆ.

ಹೀಟರಣ್ಣ ಬೈಯಲಿಲ್ಲ.

ಎರಡು ವಾರ ಒಳಗಿದ್ದ ಮೇಲೆ ಅವರಿಗೆ ಜಾಮೀನು ಸಿಕ್ಕಿತು. ಆಮೇಲೆ ಯಾವ ರೆಸಾರ್ಟಿನವರೂ ಅವರನ್ನು ಕರೆಯಲಿಲ್ಲ. ಗೌರಿಬಿದನೂರಿನ ಅಂಗಡಿಯವರು ಸಾಮಾನು ಕೊಡುವಾಗಲೂ ಮುಖ ತಿರುಗಿಸುತ್ತಿದ್ದರಂತೆ. ಹೆಂಗಸನ್ನು ಸಾಯಿಸಿದ ಮೆಕ್ಯಾನಿಕ್ಕು ಎಂದು ಹೆಸರಾಯಿತು. ಈ ಸುದ್ದಿಗಳೆಲ್ಲ ನನಗೆ ಬರುತ್ತಿದ್ದವು. ಕೇಂದ್ರಕ್ಕೆ ಕರೆಂಟಿನ ಹೊಸ ಹೀಟರು ತಂದರು. ನಾನು ಕೆಲಸಕ್ಕೆ ಹೋಗುತ್ತಲೇ ಇದ್ದೆ. ಟವೆಲ್ ಕೋಣೆಯ ಮುಂದೆ ಹಾದುಹೋಗಬಾರದೆಂದು ಹಿಂದಿನಿಂದ ಸುತ್ತಿಕೊಂಡು ಹೋಗುತ್ತಿದ್ದೆ.

ಏಳೆಂಟು ತಿಂಗಳಾದ ಮೇಲೆ ತಡೆಯಲಾಗದೆ ನಗರಗೆರೆಗೆ ಹೋದೆ. ಅವರ ಹೆಂಡತಿ ಬಾಗಿಲು ತೆಗೆದರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ, ನೀರು ತಂದುಕೊಟ್ಟರು. ಹೀಟರಣ್ಣ ಜಗಲಿಯ ಮೇಲೆ ಕೂತು ಯಾರದೋ ಮಿಕ್ಸಿಗೆ ಬುಷ್ ಹಾಕುತ್ತಿದ್ದರು. ತುಂಬ ಇಳಿದುಹೋಗಿದ್ದರು. ತಲೆಯೆತ್ತಲಿಲ್ಲ.

"ಆ ವೈರು ಹಾಕಿದ್ದು ನಾನೇ ಅಣ್ಣ" ಎಂದೆ.

"ಗೊತ್ತು."

"ಗೊತ್ತಿತ್ತಾ?"

"ಸ್ವಿಚ್ಚಿಗೆ ವೈರು ಕೊಡದೆ ಅದು ಹತ್ತೋದೇ ಇಲ್ಲ. ಆ ಎರಡು ಟರ್ಮಿನಲ್ಲು ಗೊತ್ತಿದ್ದಿದ್ದು ಅಲ್ಲಿ ಇಬ್ಬರಿಗೆ. ನಾನು ಹಾಕಿಲ್ಲ."

"ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?"

ಆಗ ತಲೆಯೆತ್ತಿದರು. "ಹೇಳ್ದೆ. ಒಂದ್ಸಲ ಅಲ್ಲ, ಹತ್ತು ಸಲ ಹೇಳ್ದೆ. ಅವರು ನಕ್ಕರು. ಆ ಹುಡುಗಿಗೆ ಇದೆಲ್ಲ ಏನ್ರೀ ಗೊತ್ತಾಗುತ್ತೆ, ಬಲ್ಬ್ ಹಾಕೋಳು ಅವಳು, ನಿಮ್ಮ ತಪ್ಪನ್ನ ಅವಳ ತಲೆಗೆ ಕಟ್ಟಬೇಡಿ ಅಂದ್ರು." ಸ್ಕ್ರೂಡ್ರೈವರನ್ನು ನೆಲಕ್ಕಿಟ್ಟರು. "ಗೊತ್ತಾಗುತ್ತೆ ಸಾರ್, ನಾನೇ ಕಲ್ಸಿದೀನಿ, ಎಲ್ಲಾರಿಗಿಂತ ಚೆನ್ನಾಗಿ ಗೊತ್ತಾಗುತ್ತೆ ಅಂತ ವಾದ ಮಾಡ್ದೆ. ಯಾರೂ ನಂಬ್ಲಿಲ್ಲ."

ನಾನು ಅಳತೊಡಗಿದೆ. ಅವರಿಗೆ ಅದು ಹಿಡಿಸಲಿಲ್ಲ.

"ಇಲ್ಲಿ ಬಂದು ಅತ್ರೆ ಏನಾಗುತ್ತೆ? ಹೇಳೋ ಜಾಗ ಇದಲ್ಲ. ಹೋಗಿ."

ಅಷ್ಟೇ. ಕ್ಷಮಿಸಿದೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ನಾನು ಅಲ್ಲಿಂದ ನೇರವಾಗಿ ಠಾಣೆಗೆ ಹೋದೆ ಎಂದು ಬರೆಯಲು ಸಾಧ್ಯವಿದ್ದಿದ್ದರೆ ಚೆನ್ನಾಗಿತ್ತು. ಮನೆಗೆ ಹೋದೆ. ಮಗಳಿಗೆ ಜ್ವರ, ಗಂಡನಿಗೆ ಹೇಗೆ ಹೇಳಲಿ, ಅತ್ತೆ ಏನಂದಾರು... ಹೀಗೆ ಒಂದೊಂದು ನೆವ. ಮತ್ತೆ ಎರಡು ತಿಂಗಳು ಹೋಯಿತು. ಕೊನೆಗೆ ಒಂದು ದಿನ ಊಟಕ್ಕೆ ಕೂತಾಗ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ತಟ್ಟೆ ಸರಿಸಿ ಎದ್ದು ಕೈ ತೊಳೆದು ಬಂದು, "ನಡಿ, ನಾನೂ ಬರ್ತೀನಿ" ಎಂದರು. ಮರುದಿನ ಇಬ್ಬರೂ ಚಿಕ್ಕಬಳ್ಳಾಪುರಕ್ಕೆ ಹೋಗಿ ಹೇಳಿಕೆ ಬರೆಸಿದೆವು. ಬೇರೆ ಇನ್ಸ್‌ಪೆಕ್ಟರ್ ಬಂದಿದ್ದರು. ಅವರೂ ಮೊದಲು ನಂಬಲಿಲ್ಲ. ಕಾಗದ ಕೇಳಿ ಹೀಟರಿನ ಒಳಗನ್ನು ಬಿಡಿಸಿದೆ. ಫ್ಯಾನ್, ಸ್ವಿಚ್ಚು, ಕಿಡಿ, ವಾಲ್ವು, ಉರಿ. ಎಲ್ಲಿಂದ ಎಲ್ಲಿಗೆ ವೈರು ಕೊಟ್ಟೆ ಎಂದು ತೋರಿಸಿದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ನನ್ನನ್ನು ಆರೋಪಿ ಮಾಡಿದರು, ಮ್ಯಾನೇಜರನ್ನೂ ಸೇರಿಸಿದರು. ಕೆಲಸ ಹೋಯಿತು. ಹೀಟರಣ್ಣನ ಹೆಸರನ್ನು ಕೋರ್ಟು ಪ್ರಕರಣದಿಂದ ಬಿಡುವ ಹೊತ್ತಿಗೆ ಅರ್ಧ ವರ್ಷವೇ ಕಳೆದಿತ್ತು. ಆದೇಶದ ಪ್ರತಿಯನ್ನು ನಾನೇ ಕೈಯಾರೆ ತಲುಪಿಸಬೇಕೆಂದುಕೊಂಡಿದ್ದೆ. ವಕೀಲರ ಕಚೇರಿಯಲ್ಲಿ ಗೊತ್ತಾಯಿತು, ಅದಕ್ಕೆ ಹದಿನೈದು ದಿನ ಮುಂಚೆ ಅವರು ಗೌರಿಬಿದನೂರು ಬಸ್ ಸ್ಟ್ಯಾಂಡಿನಲ್ಲಿ ಕುಸಿದುಬಿದ್ದು ತೀರಿಕೊಂಡಿದ್ದರು. ಎದೆನೋವಂತೆ. ನನ್ನ ಹೇಳಿಕೆಯ ವಿಷಯ ಅವರ ಕಿವಿಗೆ ಬಿದ್ದಿತ್ತೋ ಇಲ್ಲವೋ, ನನಗೆ ಈಗಲೂ ಗೊತ್ತಿಲ್ಲ.

ಕೇಸು ಇನ್ನೂ ನಡೆಯುತ್ತಿದೆ. ಪ್ರತಿ ಸಲ ಕೋರ್ಟಿಗೆ ಆಯಮ್ಮನ ಮಗಳು ಬರುತ್ತಾಳೆ. ಕಾರಿಡಾರಿನ ಆ ಕೊನೆಯಲ್ಲಿ ಅವಳು, ಈ ಕೊನೆಯಲ್ಲಿ ನಾನು. ಒಂದು ದಿನವೂ ಮಾತಾಡಿರಲಿಲ್ಲ. ಹೋದ ತಿಂಗಳು ಅವಳೇ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತಳು. ಬೈಯುತ್ತಾಳೆ, ಬೈಯಲಿ ಎಂದು ನಾನು ತಲೆ ತಗ್ಗಿಸಿದೆ.

"ಅಮ್ಮಂಗೆ ನೋವಾಗಿರುತ್ತಾ?" ಎಂದಳು.

"ಗೊತ್ತಾಗಲ್ಲ. ನಿದ್ದೆ ಬಂದ ಹಾಗೆ ಆಗುತ್ತಂತೆ. ಹೀಟರಣ್ಣ ಹೇಳಿದ್ರು."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಅಮ್ಮ ತೀರ್ಕೊಂಡ ವರ್ಷ ನಾನು ಅವರ ಮನೆ ಹತ್ರ ಹೋಗಿದ್ದೆ ಅಕ್ಕ. ಬೀದೀಲಿ ನಿಂತ್ಕೊಂಡು ಮಣ್ಣು ತೂರಿದೆ. ನಿನ್ನ ವಂಶ ಹಾಳಾಗ್ಲಿ ಅಂದೆ. ಅವರು ಬಾಗಿಲಲ್ಲೇ ನಿಂತಿದ್ರು, ಒಂದು ಮಾತೂ ಆಡ್ಲಿಲ್ಲ. ಅವರ ಹೆಂಡ್ತಿ ನನ್ನ ಕಾಲು ಹಿಡ್ಕೊಂಡ್ರು, ಬಿಡಮ್ಮ ಸಾಕು ಅಂತ... ಅವರಂತೂ ಹೋದ್ರು, ಅವರ ಹೆಂಡ್ತೀನಾದ್ರೂ ನೋಡಿ ಬರ್ಬೇಕು. ಒಬ್ಬಳೇ ಹೋಗೋಕೆ ಧೈರ್ಯ ಇಲ್ಲ. ನೀವು ಬರ್ತೀರಾ?"

ನನ್ನ ಜೊತೆ ಯಾರಾದರೂ ಎಲ್ಲಿಗಾದರೂ ಬರಬಹುದೆಂದು ನಾನು ಯೋಚಿಸಿರಲೇ ಇಲ್ಲ, ಅದರಲ್ಲೂ ಇವಳು. ಹೂಂ ಎಂದೆ.

ಮೊನ್ನೆ ಭಾನುವಾರ ಹೋದೆವು. ಮನೆಗೆ ಬೀಗ ಹಾಕಿತ್ತು. ಎದುರು ಮನೆಯ ಹೆಂಗಸು, ಅವರ ಹೆಂಡತಿ ಹಿಂದೂಪುರದಲ್ಲಿ ತಂಗಿ ಮನೆ ಸೇರಿಕೊಂಡರು, ಇನ್ನು ಈ ಕಡೆ ಬರುವುದಿಲ್ಲ ಎಂದರು. ಹಿಂದೂಪುರದಲ್ಲಿ ಎಲ್ಲಿ ಎಂದು ಕೇಳಿದರೆ ಆಕೆಗೆ ತಿಳಿಯದು. ನೀವು ಅವರಿಗೆ ಏನಾಗಬೇಕು ಎಂದು ಆಕೆ ಕೇಳಿದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ವಾಪಸ್ ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಊರ ಮುಂದಿನ ಕಟ್ಟೆಯ ಮೇಲೆ ಕೂತೆವು. "ಇನ್ನ ಯಾರಿಗೆ ಹೇಳೋದಕ್ಕ?" ಎಂದಳು ಅವಳು. ಅವತ್ತು ಇನ್ಸ್‌ಪೆಕ್ಟರ್ ಕೇಳಿದಾಗ ನಾಲ್ಕು ಜನರ ಮುಂದೆ ಹೌದು ಸಾರ್, ನೋಡಿದೆ ಎಂದು ನಾನು ಹೇಳಿದ್ದಿದ್ದರೆ ಈ ಹುಡುಗಿ ಆ ಬೀದಿಗೆ ಬಂದು ಮಣ್ಣು ತೂರುತ್ತಿರಲಿಲ್ಲ. ಅವಳ ಕೈಯಿಂದ ಅದನ್ನು ಮಾಡಿಸಿದ್ದೂ ನಾನೇ. ಅದನ್ನು ಅವಳಿಗೆ ಹೇಳಿದೆ. ಅವಳು ರಸ್ತೆಯ ಕಡೆ ನೋಡುತ್ತ ಕೂತಿದ್ದಳು. ಬಸ್ಸು ಬಂದಾಗ ಇಬ್ಬರೂ ಎದ್ದು ಹತ್ತಿದೆವು.